ಖಣದ ಬಿಸಿ

ತಾಯಿಯ ಹೆದರಿಕೆ ಹೊಟ್ಟೆಯೊಳಗಿನ ಕೂಸಿಗೆ ತಲುಪದಂತೆ ಮಾಡಿದರೆ ಹೇಗೆ? ಡಾ. ಮಹಾನಂದಾ ಕಂಠಿಯ ತಲೆಯಲ್ಲಿ ಈ ಪ್ರಶ್ನೆ ಹುಟ್ಟಿದ್ದು ಇಪ್ಪತ್ತು ವರ್ಷದ ಹಿಂದೆ. ಆಗ ಅವಳನ್ನು ನೋಡಿ ನಕ್ಕವರೇ ಹೆಚ್ಚು. ಈಗ ಅದೇ ಪ್ರಶ್ನೆ ಯೋಜನೆಯಾಗಿ, ಯೋಜನೆಗೆ ‘ತಣ್ಣೆಳಲು’ ಎಂಬ ಹೆಸರು ಬಂದು, ಕಮಲಗುಡ್ಡ ಊರಿನ ಹೊರಗೆ ಎರಡಂತಸ್ತಿನ ಕಟ್ಟಡವಾಗಿ ನಿಂತಿತ್ತು. ನಕ್ಕವರಲ್ಲಿ ಇಬ್ಬರು ಅದರ ಉದ್ಘಾಟನೆಗೆ ಬಂದು ಹಾರ ಹಾಕಿಸಿಕೊಂಡು ಹೋಗಿದ್ದರು.

ವಿಷಯ ಕೇಳಲಿಕ್ಕೆ ಸರಳ. ಹೆದರಿಕೆಯಾದಾಗ, ಹಸಿವಾದಾಗ, ದುಃಖವಾದಾಗ ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಅಡ್ರಿನಲ್ ಎಂಬ ಪುಟ್ಟ ಗ್ರಂಥಿ ಕಾರ್ಟಿಸಾಲ್ ಎಂಬ ಸ್ಟೀರಾಯ್ಡನ್ನು ರಕ್ತಕ್ಕೆ ಬಿಡುತ್ತದೆ. ಬಸುರಿಯಲ್ಲಿ ಅದು ಮಿತಿ ಮೀರಿ ಕೂಸಿಗೆ ದಾಟಿದರೆ ಕೂಸು ಸೊರಗುತ್ತದೆ. ಎರಡು ಕಿಲೋ ತೂಗಿ ಹುಟ್ಟಿ, ನಲವತ್ತು ತುಂಬುವುದರೊಳಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಮಾತ್ರೆ ನುಂಗುತ್ತದೆ. ಅದಕ್ಕೆಂದೇ ತಾಯಿಗೂ ಕೂಸಿಗೂ ನಡುವಿನ ಮಾಸಿನಲ್ಲಿ ಒಂದು ಕಿಣ್ವ ಕಾವಲಿಗಿದೆ. ಬಂದ ಕಾರ್ಟಿಸಾಲನ್ನು ಬಾಗಿಲಲ್ಲೇ ಮುರಿದು ಹಾಕುವುದು ಅದರ ಕೆಲಸ. ತಾಯಿ ಸರಿಯಾಗಿ ಉಣ್ಣದಿದ್ದರೆ ಆ ಕಾವಲುಗಾರನೂ ಬಡವಾಗುತ್ತಾನೆ. ಮಹಾನಂದಾ ಕಂಡುಹಿಡಿದದ್ದು ಅವನನ್ನು ಕೊಬ್ಬಿಸುವ ಒಂದು ಪುಡಿ. ಅಂಟಿನ ಉಂಡೆಯಲ್ಲಿ ಬೆರೆಸಿದರೆ ರುಚಿಯೂ ಗೊತ್ತಾಗುತ್ತಿರಲಿಲ್ಲ.

ಯಾರಿಗೆ ದಿನಕ್ಕೆ ಎಷ್ಟು ಉಂಡೆ ಎಂದು ಹೇಳುತ್ತಿದ್ದದ್ದು ಖಣ. ಕಮಲಗುಡ್ಡ ಖಣ ನೇಯುವ ಊರು. ಬಸುರಿಗೆ ಸೀಮಂತದಲ್ಲಿ ತೊಡಿಸುವ, ಮುಂದೆ ಗಂಟು ಕಟ್ಟುವ ಕುಬಸ ಎಂಬ ರವಿಕೆಯ ಆ ಬಟ್ಟೆಯ ಅಂಚಿನಲ್ಲಿ, ಬೆವರಿನಲ್ಲಿರುವ ಕಾರ್ಟಿಸಾಲ್ ಅಳೆಯುವ ಕೂದಲೆಳೆಯಂಥ ತಂತಿ ಸೇರಿಸಿ ನೇಯಿಸಿದ್ದರು. ತೊಟ್ಟ ಮೊದಲ ಮೂರು ದಿನ ಖಣ ಆ ಮೈಯನ್ನು ಕಲಿಯುತ್ತದೆ. ಇವಳ ಸಹಜ ಮಟ್ಟ ಇಷ್ಟು ಎಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಅದಕ್ಕಿಂತ ಏರಿದಷ್ಟೂ ಉಂಡೆ ಹೆಚ್ಚು. ಕಟ್ಟಡದ ಮೇಲಂತಸ್ತಿನ ದೊಡ್ಡ ಪರದೆಯಲ್ಲಿ ಒಬ್ಬೊಬ್ಬ ಬಸುರಿಯೂ ಒಂದು ಚುಕ್ಕಿ. ಏರಿದ್ದಕ್ಕೆ ತಿಂದ ಉಂಡೆ ಸಾಕು, ಕೂಸಿಗೆ ಏನೂ ತಲುಪದು ಎಂದು ಲೆಕ್ಕ ಬಂದರೆ ಹಸಿರು, ತಲುಪುವುದಾದರೆ ಕೆಂಪು.

ಆ ಸೋಮವಾರ ಬೆಳಿಗ್ಗೆ ಪರದೆಯ ಮೇಲೆ ಮುನ್ನೂರ ಹನ್ನೊಂದು ಹಸಿರು ಚುಕ್ಕಿಗಳಿದ್ದವು. ಪರದೆ ನೋಡಿಕೊಳ್ಳುವ ಎಂಜಿನಿಯರ್ ಇಸ್ಮಾಯಿಲ್ ಬಾಗವಾನ ಧಾರವಾಡ ಪೇಡೆಯ ಡಬ್ಬಿ ಹಿಡಿದು ಮಹಾನಂದಾಳ ಕೋಣೆಗೆ ಬಂದ.

“ಮೇಡಂ, ಇವತ್ತಿಗೆ ತೊಂಬತ್ತು ದಿನ ಆತು ನೋಡ್ರಿ. ಒಂದೂ ಕೆಂಪಿಲ್ಲ. ಬಾಯಿ ಸಿಹಿ ಮಾಡ್ಕೋರಿ.”

ಮಹಾನಂದಾ ಪೇಡೆ ಕೈಗೆ ತೆಗೆದುಕೊಂಡಳೋ ಇಲ್ಲವೋ, ಪಕ್ಕದ ನಿಯಂತ್ರಣ ಕೋಣೆಯಲ್ಲಿ ಪರದೆ ಟಿಣ್ ಎಂದಿತು. ಗುಡ್ಡದ ಓಣಿಯಲ್ಲಿ ಒಂದು ಚುಕ್ಕಿ ಕೆಂಪಾಗಿತ್ತು. ರೇಣವ್ವ, ಇಪ್ಪತ್ತಾರು ವರ್ಷ, ಎರಡನೆಯ ಬಸುರು, ದಿನ ತುಂಬಿ ಐದು ದಿನ.

ಇಸ್ಮಾಯಿಲ್ ಆ ಓಣಿಯ ಅಂಗನವಾಡಿ ಕಾರ್ಯಕರ್ತೆ ಬಸಲಿಂಗವ್ವನಿಗೆ ಫೋನ್ ಹಚ್ಚಿದ. ಅವಳ ಧ್ವನಿಯಲ್ಲಿ ಸಿಟ್ಟಿತ್ತು. “ರೇಣವ್ವನ ಅಪ್ಪ ಹೋಗಿ ಹದಿನೈದು ದಿನ ಆಗಿತ್ರಿ. ದಿನ ತುಂಬಿದಾಕಿ ಅಂತ ಮನ್ಯಾಗ ಯಾರೂ ಹೇಳಿದ್ದಿಲ್ಲ. ಇವತ್ತ ಮುಂಜಾನೆ ಮೈದುನ ತನ್ನ ಲಗ್ನದ ಮಾತು ತಗದು, ‘ನಿಮ್ಮಪ್ಪ ಇದ್ದಿದ್ರ ಮುಂದ ನಿಂತು ಮಾಡ್ತಿದ್ರು’ ಅಂದಬಿಟ್ಟಾನ. ಮನಿ ಮಂದಿಯೆಲ್ಲಾ ಅವನ್ನ ಹಿಡಕೊಂಡು ಬೈಯಾಕತ್ತಾರ್ರಿ.”

“ನಾಳೆಯಿಂದ ಮೂರರ ಬದಲಿ ಐದು ಉಂಡಿ ಕೊಡ್ರಿ,” ಎಂದಳು ಮಹಾನಂದಾ.

“ಆಕಿ ಒಂದೂ ಮುಟ್ಟವಲ್ಲಳ್ರಿ.”

ತೊಂಬತ್ತು ದಿನದ ದಾಖಲೆಯನ್ನು ಒಬ್ಬ ಮೈದುನನ ಬಾಯಿ ಮುರಿದದ್ದಕ್ಕೆ ಮಹಾನಂದಾಳಿಗೆ ನಿಜಕ್ಕೂ ಬೇಸರವಾಯಿತು. ಆ ಬೇಸರದಲ್ಲಿ ಪೇಡೆ ತಿನ್ನುವುದು ಮರೆತುಹೋಯಿತು.

ಮಧ್ಯಾಹ್ನ ಊಟಕ್ಕೆ ಅವಳು ಕಟ್ಟಡದ ಹಿಂದಿನ ಕ್ವಾರ್ಟರ್ಸಿಗೆ ಹೋದಳು. ಮಗಳು ತೇಜಸ್ವಿನಿ ಚೊಚ್ಚಿಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಗಂಡ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ. ರವಿವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ತೇಜು ಮೈತುಂಬಿಕೊಂಡು, ಕೆನ್ನೆ ಹೊಳೆಯುತ್ತ, ನೇರಳೆ ಬಣ್ಣದ ಖಣದ ಕುಬಸ ತೊಟ್ಟು ಜೋಕಾಲಿಯಲ್ಲಿ ಕೂತಿದ್ದಳು. ಅವಳಿಗೆ ದಿನಕ್ಕೆ ನಾಲ್ಕು ಉಂಡೆ. ದಿನ ತುಂಬಲು ಇನ್ನು ಮೂರೇ ದಿನ.

“ಅವ್ವಾ, ಅಜ್ಜಿ ಮಿರಜದಿಂದ ಯಾವಾಗ ಬರ್ತಾಳ?”

“ಕಣ್ಣಿನ ಆಪರೇಷನ್ ಅಂದ್ರ ಸುಮ್ನ ಏನ? ಒಂದು ತಿಂಗಳರ ಬೇಕಲ್ಲ.”

“ಫೋನರ ಮಾಡೂಣು.”

“ಮಗ್ಗದ ಸಪ್ಪಳದಾಗ ಕಿವಿ ಕೆಡಿಸ್ಕೊಂಡಾಕಿಗೆ ಫೋನ್ ಏನ್ ಕೇಳತೈತಿ, ನೀನ ಹೇಳು.”

ತೇಜು ನಕ್ಕಳು. “ನನ್ನ ಕೂಸಿಗೆ ತಾನ ಕುಂಚಿಗಿ ಹೊಲಿತೀನಿ ಅಂದಾಳ. ಹೊಲಿಯದ ಹೋದ್ರ ಬಿಡೂದಿಲ್ಲ ನಾ.”

ಮಹಾನಂದಾ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡಳು. ಅವಳ ತಾಯಿ ನಿಂಬೆವ್ವ ತೀರಿಕೊಂಡು ಹದಿನೈದು ದಿನವಾಗಿತ್ತು. ಊರೊಳಗಿನ ನೇಕಾರ ಓಣಿಯ ಮನೆಯಲ್ಲಿ, ಮಗ್ಗದ ಹಲಗೆಯ ಮೇಲೆ ಕೂತಲ್ಲೇ ಮುದುಕಿ ಒರಗಿದ್ದಳು. ಪುಣೆಯಲ್ಲಿ ಮೀಟಿಂಗ್ ಇದೆ ಎಂದು ಮಗಳಿಗೆ ಹೇಳಿ ಮಹಾನಂದಾ ಮಣ್ಣಿಗೆ ಹೋಗಿದ್ದಳು. ತಿರುಗಿ ಬರುವಾಗ ದಾರಿಯ ನಲ್ಲಿಯಲ್ಲಿ ಮುಖ ತೊಳೆದು, ಪುಣೆಯ ಬಸ್ ಸ್ಟ್ಯಾಂಡಿನ ಬಾಕರವಡಿ ಎಂದು ಇಲ್ಲಿಯದೇ ಅಂಗಡಿಯ ಪೊಟ್ಟಣ ಹಿಡಿದುಕೊಂಡು ಬಂದಿದ್ದಳು. ಬಸುರಿಗೆ ಕೆಟ್ಟ ಸುದ್ದಿ ಹೇಳಬಾರದು ಎಂಬುದು ಊರಿನ ರೀತಿ. ಅದೇ ರೀತಿಯನ್ನೇ ಅಲ್ಲವೇ ತಾನು ವಿಜ್ಞಾನ ಮಾಡಿದ್ದು ಎಂದುಕೊಂಡು ಅವಳು ಅಳುವನ್ನು ನುಂಗಿದ್ದಳು. ತಾಯಿ ಅರ್ಧ ಹೊಲಿದಿಟ್ಟ, ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆ ಮಹಾನಂದಾಳ ಕಪಾಟಿನಲ್ಲಿ, ಸೀರೆಗಳ ಕೆಳಗೆ, ಚುಚ್ಚಿದ ಸೂಜಿಯ ಸಮೇತ ಮಲಗಿತ್ತು.

ಮುಂದಿನ ಸೋಮವಾರ ತಾಲೂಕು ಆಸ್ಪತ್ರೆಯ ಹೆರಿಗೆ ವೈದ್ಯೆ ಡಾ. ಶೈಲಜಾ ನಾಡಗೌಡ ಫೋನ್ ಮಾಡದೆ ನೇರ ಬಂದರು. ಅವರು ಕುರ್ಚಿಯಲ್ಲಿ ಕೂರಲಿಲ್ಲ.

“ಮಹಾನಂದಾ, ನಿನ್ನ ಯೋಜನೆಯ ಮೊದಲ ಹೆಣ್ಮಕ್ಕಳಿಗೆ ದಿನ ತುಂಬಿ ಎರಡು ವಾರ ಆತು. ನಾಲ್ಕು ಮಂದಿ. ಯಾರಿಗೂ ನೋವು ಬಂದಿಲ್ಲ. ನೋವು ಬರೂ ಇಂಜೆಕ್ಷನ್ ಹಚ್ಚಿದೆ, ಗರ್ಭ ಅಲುಗಲಿಲ್ಲ. ಇಬ್ಬರಿಗೆ ಕೊಯ್ದು ತಗದೆ. ನಾಲ್ಕು ನಾಲ್ಕು ಕಿಲೋದ ಕೂಸು, ನೋಡಿದ್ರ ದೃಷ್ಟಿ ಆಗಬೇಕು. ಉಸಿರು ಹಿಡೀಲಿಲ್ಲ. ಪುಪ್ಪುಸ ಏಳು ತಿಂಗಳ ಕೂಸಿನ ಹಂಗ ಹಸಿ.”

“ಪುಪ್ಪುಸ ಮಾಗಿಸೂ ಸ್ಟೀರಾಯ್ಡ್ ಕೊಡಲಿಲ್ಲೇನು?”

“ಕೊಟ್ಟೆ. ನೀರು ಕೊಟ್ಟಂಗಾತು.”

 ಅರ್ಥವಾಗಲು ಮಹಾನಂದಾಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಬೇಕಾಗಿದ್ದರೆ ಚೆನ್ನಾಗಿತ್ತು. ಹುಟ್ಟುವ ಕಾಲ ಬಂತೆಂದು ಮೊದಲು ತಿಳಿಯುವುದು ಕೂಸಿನ ಮೈಗೆ. ಅದರದೇ ಪುಟ್ಟ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಬಿಡುತ್ತದೆ. ಅದರಿಂದ ಪುಪ್ಪುಸ ಮಾಗುತ್ತದೆ, ಹೆರಿಗೆಯ ತಯಾರಿ ಶುರುವಾಗುತ್ತದೆ. ಅಷ್ಟು ದಿನ ಬರಬಾರದಾಗಿದ್ದ ರಸವೇ ಕಡೆಯ ವಾರಗಳಲ್ಲಿ ಬೇಕೇ ಬೇಕು. ಆದರೆ ಮೂರು, ನಾಲ್ಕು ಉಂಡೆ ತಿಂದು ಕೊಬ್ಬಿದ ಕಾವಲುಗಾರ ಯಾವ ಕಡೆಯಿಂದ ಬಂದದ್ದು ಎಂದು ಕೇಳುತ್ತಿರಲಿಲ್ಲ. ತಾಯಿಯದೂ ಮುರಿದ, ಕೂಸಿನದೂ ಮುರಿದ, ಇಂಜೆಕ್ಷನ್ನಿನದೂ ಮುರಿದ. ಕೂಸಿಗೆ ತಾನು ಹುಟ್ಟಬೇಕೆಂಬುದೇ ಗೊತ್ತಾಗಿರಲಿಲ್ಲ.

“ಉಂಡಿ ಇವತ್ತ ನಿಲ್ಲಿಸ್ತೀನಿ,” ಎಂದಳು.

“ನಿಲ್ಲಿಸಿದ್ರ ಎಷ್ಟು ದಿನಕ್ಕ ಇಳೀತೈತಿ?”

“ನಲವತ್ತು ದಿನ.”

ನಾಡಗೌಡ ಕಿಟಕಿಯ ಹೊರಗೆ ನೋಡಿದರು. ಅಲ್ಲಿಂದ ಕ್ವಾರ್ಟರ್ಸಿನ ಜೋಕಾಲಿ ಕಾಣುತ್ತಿತ್ತು. “ಒಬ್ಬಾಕಿ ಮಾತ್ರ ತಾನಾಗೇ ಹಡದಾಳ. ಹೋದ ಬುಧವಾರ. ಕೂಸು ಹುಟ್ಟಿದ ಕೂಡಲೇ ವಾರ್ಡ್ ಹಾರಿಹೋಗೂ ಹಂಗ ಅತ್ತಿತು. ರೇಣವ್ವ ಅಂತ ಹೆಸರು.”

ಅವರು ಹೋದ ಮೇಲೆ ಮಹಾನಂದಾ ನಿಯಂತ್ರಣ ಕೋಣೆಗೆ ಹೋಗಿ ಪರದೆಯ ಮುಂದೆ ನಿಂತಳು. ಎಲ್ಲವೂ ಹಸಿರು. ಅವಳು ಒಂದೊಂದೇ ಚುಕ್ಕಿಯ ಉಂಡೆಯ ಲೆಕ್ಕ ತೆಗೆದು ನೋಡಿದಳು.

ನಗರದ ದೊಡ್ಡ ಆಸ್ಪತ್ರೆಯಲ್ಲಿ ಪ್ರಯೋಗ ನಡೆಸಿದಾಗ ಯಾರಿಗೂ ಒಂದಕ್ಕಿಂತ ಹೆಚ್ಚು ಉಂಡೆ ಬೇಕಾಗಿರಲಿಲ್ಲ. ಇಲ್ಲಿ ಸರಾಸರಿ ಮೂರು. ಆಗ ಅದಕ್ಕೆ ಅವಳೇ ಒಂದು ಕಾರಣ ಹೇಳಿದ್ದಳು. ನಮ್ಮೂರ ನೇಕಾರ ಹೆಣ್ಣುಮಕ್ಕಳ ಕಷ್ಟ ನಗರದವರಿಗೆ ಎಲ್ಲಿ ಗೊತ್ತಾಗಬೇಕು, ಅವರ ಬೆವರೇ ಸಾಕ್ಷಿ ಎಂದು ಸಭೆಯಲ್ಲಿ ಮಾತಾಡಿ, ಕಣ್ಣು ಒರೆಸಿಕೊಂಡು, ಚಪ್ಪಾಳೆ ಹೊಡೆಸಿಕೊಂಡಿದ್ದಳು. ಈಗ ಆ ಚಪ್ಪಾಳೆ ನೆನೆದು ಅವಳಿಗೆ ಮೈ ಹಿಡಿಯಾಯಿತು.

“ಇಸ್ಮಾಯಿಲ್, ಎಲ್ಲಾರ ಖಣ ಮೊದಲ ಮೂರು ದಿನ ಕಲ್ತಿದ್ದನ್ನ ತಗೀರಿ. ಒಂದರ ಕೆಳಗ ಒಂದು ಹಚ್ರಿ.”

ಗೆರೆಗಳು ಸಾಲಾಗಿ ಬಂದವು. ಇಸ್ಮಾಯಿಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ಮೇಡಂ, ಸಾಫ್ಟ್‌ವೇರ್ ಕೆಟ್ಟಂಗೈತಿ. ನಲವತ್ತಮೂರು ಮಂದಿ ಗೆರಿ ಒಂದ ನಮೂನಿ ಅದಾವ. ನೇಕಾರ ಓಣಿಯವು. ತಾರೀಖು ಬ್ಯಾರೆ, ಗೆರಿ ಒಂದ.”

ಮಹಾನಂದಾ ಹತ್ತಿರ ಹೋದಳು. ಬೆಳಗಿನ ನಾಲ್ಕಕ್ಕೆ ಗೆರೆ ಏರಿತ್ತು, ಎದ್ದ ಮೈಯ ಏರು. ಐದರಿಂದ ಹತ್ತರವರೆಗೆ ಮಗ್ಗದ ಸಮಾನ ಓಟ. ಹತ್ತಕ್ಕೆ ಸ್ವಲ್ಪ ಇಳಿತ, ಚಹಾ ಮತ್ತು ನಶ್ಯಪುಡಿ. ದಿನ ಬಿಟ್ಟು ದಿನ ಹನ್ನೆರಡೂವರೆಗೆ ಸರಕ್ಕನೆ ಒಂದು ಏರು. ಅದು ನಲ್ಲಿ ನೀರು ಬರುವ ಹೊತ್ತು, ಎದುರುಮನೆಯ ತಂಗೆವ್ವನ ಜೊತೆ ಕೊಡದ ಪಾಳಿಗಾಗಿ ಜಗಳದ ಹೊತ್ತು. ಮೂರಕ್ಕೆ ನಿದ್ದೆ. ಸೋಮವಾರ ಉಪವಾಸದ ದಿನ ಇಡೀ ಗೆರೆ ಒಂದು ಬೆರಳು ಮೇಲೆ.

ಆ ದಿನಚರಿ ಅವಳಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಮದುವೆಯಾಗುವ ತನಕ ಅದೇ ದಿನಚರಿಯ ಸಪ್ಪಳದಲ್ಲಿ ಅವಳು ಎದ್ದು ಮಲಗಿದ್ದಳು. ಪರದೆಯ ಮೇಲೆ ನಲವತ್ತಮೂರು ಸಲ ಎದ್ದು, ನಲವತ್ತಮೂರು ಸಲ ಮಗ್ಗಕ್ಕೆ ಕೂತು, ನಶ್ಯ ಏರಿಸಿ, ಜಗಳವಾಡಿ, ಮಲಗಿದ್ದವಳು ಅವಳ ಅವ್ವ.

“ಖಣದ ಬಿಸಿ,” ಎಂದಳು ಮಹಾನಂದಾ. 

ಮಗ್ಗದಿಂದ ಇಳಿದ ಹೊಸ ಖಣಕ್ಕೆ ಬಿಸಿ ಇರುತ್ತದೆ ಎಂದು ಕಮಲಗುಡ್ಡದವರ ನಂಬಿಕೆ. ಅದನ್ನು ನೇರ ಬಸುರಿಯ ಮೈಗೆ ಹಾಕಬಾರದು. ಹೆತ್ತ ಕೂಸು ಒಂದನ್ನೂ ಕಳೆದುಕೊಳ್ಳದ ಹಿರಿಯಳು ಅದನ್ನು ನಾಲ್ಕು ದಿನ ತೊಟ್ಟು, ಬಿಸಿ ತನ್ನ ಮೈಗೆ ಎಳೆದುಕೊಂಡು, ಆಮೇಲೆ ಬಸುರಿಗೆ ಕೊಡಬೇಕು. ಆರು ಹೆತ್ತು ಆರನ್ನೂ ಉಳಿಸಿಕೊಂಡ ನಿಂಬೆವ್ವ ಓಣಿಗೆಲ್ಲ ಬೇಕಾದವಳು. ವರ್ಷವಿಡೀ ತಾಯಿಯ ಮೈಮೇಲೆ ನಾಲ್ಕು ದಿನಕ್ಕೊಂದು ಹೊಸ ಕುಬಸ ಕಂಡು ಮಹಾನಂದಾಳೇ ಚೇಷ್ಟೆ ಮಾಡಿದ್ದಳು, ಏನವ್ವಾ ಈ ವಯಸ್ಸಿನಾಗ ಮದಲಗಿತ್ತಿ ಆಗೀಯೇನು ಎಂದು. ಮಹಾನಂದಾಳ ಸ್ವಂತ ಬಸಿರಿನ ಕುಬಸವನ್ನೂ ತಾಯಿ ಹಾಗೇ ತೊಟ್ಟು ಕೊಟ್ಟಿದ್ದಳು. ಆ ಪದ್ಧತಿ ಅವಳಿಗೆ ಎಷ್ಟು ಹತ್ತಿರದ್ದಾಗಿತ್ತೆಂದರೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಹೊರಗಿನವರಾಗಿದ್ದರೆ ಕೇಳುತ್ತಿದ್ದರು.

ಬೇರೆ ಓಣಿಗಳಲ್ಲಿ ಇದೇ ಕೆಲಸಕ್ಕೆ ಬೇರೆ ಮುದುಕಿಯರು. ಖಣ ಕಲಿತದ್ದು ಬಸುರಿಯ ಮೈಯನ್ನಲ್ಲ, ಮುದುಕಿಯರ ಮೈಯನ್ನು. ಬಸುರಿಯಲ್ಲಿ ಕಾರ್ಟಿಸಾಲ್ ಎರಡು ಮೂರು ಪಟ್ಟು ಏರುವುದು ಸಹಜ, ಸೃಷ್ಟಿಯೇ ಹಾಗೆ. ಆ ಸಹಜವಾದ ಏರನ್ನು ಯಂತ್ರ ದೊಡ್ಡ ಸಂಕಟವೆಂದು ತಿಳಿದು, ತಿಂಗಳು ತಿಂಗಳಿಗೆ ಉಂಡೆ ಹೆಚ್ಚಿಸುತ್ತ ಹೋಗಿತ್ತು.

“ತೇಜು ಅವರ ಗೆರಿ…” ಎಂದ ಇಸ್ಮಾಯಿಲ್. ನಲವತ್ತಮೂರರಲ್ಲಿ ಅದೂ ಒಂದಾಗಿತ್ತು.

ಆ ವಾರ ಉಳಿದ ಇಬ್ಬರಿಗೆ ಕೊಯ್ದು ತೆಗೆದರು. ಒಂದು ಕೂಸು ಎರಡು ದಿನ ಯಂತ್ರದ ಉಸಿರಿನಲ್ಲಿತ್ತು, ಮೂರನೆಯ ದಿನ ಇರಲಿಲ್ಲ. ಇನ್ನೊಂದು ಇನ್ನೂ ಯಂತ್ರದಲ್ಲೇ ಇತ್ತು. ತೇಜುಗೆ ದಿನ ತುಂಬಿ ಒಂಬತ್ತು ದಿನವಾಗಿ, ಸ್ಕ್ಯಾನಿನಲ್ಲಿ ಕೂಸಿನ ಸುತ್ತಲಿನ ನೀರು ಇಳಿಯತೊಡಗಿತ್ತು. ತೇಜು ಮಾತ್ರ ಶಾಂತವಾಗಿದ್ದಳು. “ಬಂದಾಗ ಬರ್ತೈತಿ ಬಿಡವ್ವಾ,” ಎಂದು ತಾಯಿಗೇ ಸಮಾಧಾನ ಹೇಳಿದಳು.

ಶನಿವಾರ ನಾಡಗೌಡ ಸ್ಪಷ್ಟವಾಗಿ ಹೇಳಿದರು. “ಮಂಗಳವಾರ ತನಕ ಕಾಯಬಹುದು. ಅಷ್ಟರಾಗ ನೋವು ಬಂದ್ರ ಬಂತು. ಇಲ್ಲಂದ್ರ ಕೊಯ್ಯಬೇಕು, ಕೊಯ್ದ್ರ ಏನಾಗ್ತೈತಿ ನಿನಗ ಗೊತ್ತೈತಿ.”

ಮಹಾನಂದಾ ಮೂರು ದಿನದಿಂದ ರೇಣವ್ವನ ಒಂದೇ ಒಂದು ಕೆಂಪು ಚುಕ್ಕಿಯನ್ನು ಓದುತ್ತಿದ್ದಳು. “ಶೈಲಾ, ಇಂಜೆಕ್ಷನ್ ಒಮ್ಮೆಲೇ ಬರ್ತೈತಿ, ಕಾವಲುಗಾರ ನುಂಗಿಬಿಡ್ತಾನ. ದುಃಖ ಹಂಗಲ್ಲ. ಅಲಿ ಅಲಿಯಾಗಿ ಬರ್ತೈತಿ, ಮೂರು ದಿನ ನಾಲ್ಕು ದಿನ. ಅದರ ಕೂಡ ಬರೂ ಇನ್ನೊಂದು ಹಾರ್ಮೋನು ಆ ಕಾವಲುಗಾರನ್ನ ತಯಾರು ಮಾಡೂದನ್ನ ನಿಲ್ಲಿಸ್ತೈತಿ. ರೇಣವ್ವಗ ಆದದ್ದು ಅದ.”

“ಅಂದ್ರ?”

“ಅಂದ್ರ ಮೈದುನ ತಪ್ಪು ಮಾಡ್ಲಿಲ್ಲ.”

 ಪರದೆಯ ಮುಂದಿದ್ದ ಇಸ್ಮಾಯಿಲ್ ತಲೆ ತಗ್ಗಿಸಿ ಕೇಳಿದ, “ಮೇಡಂ, ಕೇಳದ ಹೇಳದ ಒಬ್ಬರಿಗೆ ದುಃಖ ಕೊಡೂದು… ಅದನ್ನ ಔಷಧ ಅಂತ ಹೆಂಗ ಬರಿಯೂದ್ರಿ?”

 ಕೇಳಿಕೊಂಡೇ ಕೊಡಬೇಕೆಂದರೆ ಕೇಳುವುದರಲ್ಲೇ ಸುದ್ದಿ ಇತ್ತು.

ರವಿವಾರ ಮಧ್ಯಾಹ್ನ ಊಟವಾದ ಮೇಲೆ ಮಹಾನಂದಾ ಕಪಾಟಿನಿಂದ ಕುಂಚಿಗೆ ತೆಗೆದು, ಜೋಕಾಲಿಯಲ್ಲಿದ್ದ ಮಗಳ ಮಡಿಲಲ್ಲಿ ಇಟ್ಟಳು.

ತೇಜುವಿನ ಮುಖ ಅರಳಿತು. “ಅಜ್ಜಿ ಬಂದ್ಲಾ?” ಎಂದು ಬಾಗಿಲ ಕಡೆ ನೋಡಿದಳು. ಆಮೇಲೆ ಕುಂಚಿಗೆ ಬಿಡಿಸಿ, ಅಂಚಿನಲ್ಲಿ ಚುಚ್ಚಿದ ಸೂಜಿ ಮುಟ್ಟಿದಳು. “ಹೊಲಿಯೂದು ಮುಗದಿಲ್ಲಲ್ಲ.”

“ಮುಗಿಯೂದಿಲ್ಲವಾ.”

ತೇಜು ಸೂಜಿಯನ್ನೇ ನೋಡುತ್ತ ಕೂತಳು. ಜೋಕಾಲಿಯ ಸರಪಳಿ ಕಿರ್ ಕಿರ್ ಎನ್ನುತ್ತಿದ್ದದ್ದು ನಿಂತಿತು. “ಯಾವಾಗ?”

“ಇವತ್ತಿಗೆ ನಾಲ್ಕು ವಾರ.”

“ನಾಲ್ಕು ವಾರ,” ಎಂದಳು ತೇಜು. “ನಾ ಅಜ್ಜಿ ಅಜ್ಜಿ ಅಂತ ಕೇಳಿದಾಗೆಲ್ಲಾ ನೀ ನನ್ನ ಎದುರಿಗೆ ಕುಂತು ಊಟ ಮಾಡಿದಿ. ನಕ್ಕಿ. ಕಣ್ಣಿಗೆ ಪಟ್ಟಿ ಕಟ್ಟ್ಯಾರ ಅಂದಿ.”  ನಂತರ ಎದೆಯ ಆಳದಿಂದ ಒಂದು ದನಿ ಬಂತು. ಮಹಾನಂದಾ ಈ ಒಂಬತ್ತು ತಿಂಗಳಲ್ಲಿ ಈ ಊರಿನ ಯಾವ ಬಸುರಿಯಿಂದಲೂ ಕೇಳದ ದನಿ. ತಾಯಿ ಹತ್ತಿರ ಹೋದರೆ ತೇಜು ಕೈ ಒತ್ತಿ ದೂರ ಸರಿಸಿದಳು.

ಮಹಾನಂದಾ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅರ್ಧ ಮುಚ್ಚಿಟ್ಟು ಅರ್ಧ ಹೇಳುವುದು ಇನ್ನು ಅವಳಿಂದ ಆಗುವಂತಿರಲಿಲ್ಲ. ಖಣದ ಬಿಸಿಯ ವಿಷಯ ಹೇಳಿದಳು, ಉಂಡೆಯ ವಿಷಯ ಹೇಳಿದಳು, ಉಸಿರು ಹಿಡಿಯದ ಮೂರು ಕೂಸುಗಳ ವಿಷಯ ಹೇಳಿದಳು. ನೀರು ಇಳಿಯುತ್ತಿರುವುದನ್ನೂ ಹೇಳಿದಳು.

ತೇಜುವಿನ ಅಳು ತಡೆಯಿತು. ಅವಳು ಜಾಣೆ, ತಾಯಿಯ ಮಗಳು. “ಅಂದ್ರ ನೀ ಈಗ ಹೇಳಿದ್ದು, ನಾ ಅಳಲಿ ಅಂತ? ಔಷಧಕ್ಕ?”

“ಹೌದವಾ.”

“ಅಜ್ಜಿ ಸತ್ತದ್ದನ್ನೂ ಉಂಡಿ ಕಟ್ಟಿ ಕೊಟ್ಟಿ.”

 ಫೋನ್ ನಡುಗಿತು. ಇಸ್ಮಾಯಿಲ್. “ಮೇಡಂ, ನಿಮ್ಮ ಮನಿ ಚುಕ್ಕಿ ಕೆಂಪಾತ್ರಿ.” “ಇರಲಿ,” ಎಂದಳು ಅವಳು. “ಕೆಂಪಾಗೇ ಇರಲಿ.”

ತೇಜು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಊಟ ಮಾಡಲಿಲ್ಲ. ಹುಬ್ಬಳ್ಳಿಯಿಂದ ಬಂದ ಗಂಡನ ಹೆಗಲ ಮೇಲೆ ತಲೆಯಿಟ್ಟು ಅತ್ತಳು, ಸುಮ್ಮನಾದಳು, ಮತ್ತೆ ಅತ್ತಳು. ಸೋಮವಾರವೂ ಹಾಗೇ ಕಳೆಯಿತು. ಮಂಗಳವಾರ ನಸುಕಿನಲ್ಲಿ ಎರಡಕ್ಕೆ ಅವಳ ಗಂಡ ಹೊರಗೆ ಓಡಿ ಬಂದು, “ಅತ್ತಿ, ಆಕಿಗೆ ನೋವು,” ಎಂದ.

ಹೆರಿಗೆ ಕೋಣೆಯ ಬಾಗಿಲಲ್ಲಿ ನಾಡಗೌಡ ಮಹಾನಂದಾಳನ್ನು ತಡೆದರು. “ನೀ ಒಳಗ ಬರೂದು ಬ್ಯಾಡ ಅಂತ ಹೇಳ್ಯಾಳ. ಕುಂಚಿಗಿ ಕೈಯಾಗ ಹಿಡಕೊಂಡಾಳ, ಬಿಡವಲ್ಲಳು.” ಮಹಾನಂದಾ ಹೊರಗಿನ ಬೆಂಚಿನ ಮೇಲೆ ಕೂತಳು.

ಬೆಳಿಗ್ಗೆ ಹತ್ತು ಗಂಟೆಗೆ ಬಸಲಿಂಗವ್ವ ಒಂದು ನೋಟ್‌ಬುಕ್ ಹಿಡಿದು ಬಂದಳು. ನಲವತ್ತು ದಿನದೊಳಗೆ ಹೆರಿಗೆಯಾಗಬೇಕಾದವರು ಇನ್ನೂ ಐವತ್ತೆಂಟು ಮಂದಿ. ಅವರ ಮನೆಗಳಿಗೆ ಹೋಗಿ, ಬಸುರಿಗೆ ಗೊತ್ತಾಗದಂತೆ, ಏನು ಮುಚ್ಚಿಟ್ಟಿದ್ದೀರಿ ಎಂದು ಕೇಳಿ ಬರಲು ಮಹಾನಂದಾ ಅವಳನ್ನು ಕಳಿಸಿದ್ದಳು. ಮುಚ್ಚಿಟ್ಟದ್ದು ಏನೇನೋ ಇತ್ತು. ಮಾವ ತೀರಿದ್ದು, ತಂಗಿಯ ಗಂಡ ಬಿಟ್ಟು ಹೋದದ್ದು, ಅಣ್ಣ ಜೈಲಿನಲ್ಲಿರುವುದು, ತವರಿನ ಮಗ್ಗಗಳು ಹೋದದ್ದು. ಊರು ತೊಂಬತ್ತು ದಿನ ಹಸಿರಾಗಿದ್ದದ್ದು ಹೇಗೆಂದು ಆ ನೋಟ್‌ಬುಕ್ಕಿನಲ್ಲಿತ್ತು.

“ಯಾರು ಯಾರಿಗೆ ಹೇಳಬೇಕಂತ ಮನಿಯವರ ಕೂಡ ಮಾತಾಡೀನ್ರಿ. ಅಳಾಕತ್ತಾರ, ಆದ್ರ ಒಪ್ಯಾರ. ಆದ್ರ ಹದಿನಾಲ್ಕು ಮನ್ಯಾಗ ಮುಚ್ಚಿಟ್ಟಿದ್ದು ಏನೂ ಇಲ್ರಿ. ಎಲ್ಲಾ ಚಲೋನ ಐತಿ. ಅಲ್ಲಿ ಏನ್ ಹೇಳೂದ್ರಿ? ಸುಳ್ಳು ಹುಟ್ಟಿಸಬೇಕೇನು?”

ಮಹಾನಂದಾ ಉತ್ತರಿಸುವ ಮೊದಲೇ ಬಾಗಿಲ ಹಿಂದಿನಿಂದ ಕೂಗು ಕೇಳಿತು. ಸಣ್ಣದು, ಸಿಟ್ಟಿನದು, ಉಸಿರು ಎಳೆದೆಳೆದು ಮತ್ತೆ ಮತ್ತೆ ಕೂಗುವ ಕೂಗು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾಲ್ಕು ವಾರದಿಂದ ನುಂಗಿದ್ದ ಅಳು ಆಗ ಬಂತು, ಮತ್ತು ಅದು ಕೂಸಿಗಾಗಿ ಬಂದದ್ದಲ್ಲ, ಅವ್ವನಿಗಾಗಿ ಬಂದದ್ದು. ಬಸಲಿಂಗವ್ವ ಪಕ್ಕದಲ್ಲಿ ಕೂತಳು.

ನಾಡಗೌಡ ಬಾಗಿಲು ತೆರೆದರು. “ಹೆಣ್ಣು. ತಾನಾಗೇ ಉಸಿರಾಡಾಕತ್ತೈತಿ.”

“ನೋಡಲೇನು?”

“ಇವತ್ತ ಬ್ಯಾಡ ಅಂತಾಳ.”

ಮಹಾನಂದಾ ತಲೆಯಾಡಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಬಸಲಿಂಗವ್ವನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡಳು. “ಆ ಹದಿನಾಲ್ಕು ಮನಿ ನನ್ನವು.”

ಮೊದಲ ಮನೆ ಕೆಳಗಿನ ಓಣಿಯಲ್ಲಿ, ಹನ್ನೊಂದರ ಬಿಸಿಲಿನಲ್ಲಿ ಬಾಗಿಲು ತೆರೆದೇ ಇತ್ತು. ಹಸಿರು ಖಣ ತೊಟ್ಟ ಇಪ್ಪತ್ತೆರಡರ ಹುಡುಗಿ ಕಮಲಾಕ್ಷಿ ಹೊಟ್ಟೆ ಹೊತ್ತು ನಗುತ್ತ ಹೊರಗೆ ಬಂದು, ತಂಬಿಗೆಯಲ್ಲಿ ನೀರೂ ತಟ್ಟೆಯಲ್ಲಿ ಬೆಲ್ಲವೂ ತಂದಿಟ್ಟಳು. “ಬರ್ರಿ ಅಕ್ಕಾರ. ನೀವ ನಮ್ಮ ಮನಿ ತನಕ ಬಂದೀರಿ.” ಒಳಗಿನಿಂದ ಅತ್ತೆ ಹೆಮ್ಮೆಯಿಂದ ಹೇಳಿದಳು, “ನಿನ್ನಿ ಬಸಲಿಂಗವ್ವಗ ಹೇಳೀನ್ರಿ. ನಮ್ಮ ಮನ್ಯಾಗ ಸೊಸಿಗೆ ಮುಚ್ಚಿಡೂ ಅಂಥಾದ್ದು ಏನೂ ಇಲ್ಲ.”

ಮಹಾನಂದಾ ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ತಂಬಿಗೆ ಕೆಳಗಿಟ್ಟಳು.

“ಐತಿ ತಂಗೀ,” ಎಂದಳು. “ಮನಿಯವರಲ್ಲ, ನಾ ಮುಚ್ಚಿಟ್ಟದ್ದು, ಆ ಉಂಡಿ ವಿಷಯ. ಇಲ್ಲಿ ಬಾ, ನನ್ನ ಹತ್ರ ಕುಂದರು.”